‘ಮಾವನೇ ಕೊಲೆಗಾರ’: ಪತ್ತೇದಾರಿ ಕಾದಂಬರಿ ನಮ್ಮನ್ನು ಏಮಾರಿಸುವ ಬಗೆ

ಪುಸ್ತಕದ ಹೆಸರಿನ ಕೆಳಗೆ ನೀಲಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ಮಾವನೇ ಕೊಲೆಗಾರ.’ ನಾನಾಗ ಒಂಬತ್ತನೇ ಕ್ಲಾಸು. ಬೇಸಿಗೆ ರಜೆ, ದಾವಣಗೆರೆಯ ಬಿಸಿಲು, ಮಧ್ಯಾಹ್ನ ಎರಡು ಗಂಟೆ, ಕರೆಂಟಿಲ್ಲ. ನಾನಿನ್ನೂ ಕಾದಂಬರಿ ಶುರುವೇ ಮಾಡಿಲ್ಲ, ಯಾರೋ ಪುಣ್ಯಾತ್ಮ ಅದನ್ನು ಮುಗಿಸಿಬಿಟ್ಟಿದ್ದ.

ಪುಸ್ತಕ ತಂದದ್ದು ರೈಲ್ವೆ ಸ್ಟೇಷನ್ ಕಡೆಯ ಓಣಿಯೊಂದರ ಬಾಡಿಗೆ ಲೈಬ್ರರಿಯಿಂದ. ಲೈಬ್ರರಿ ಅಂದರೆ ಹತ್ತಡಿಯ ಮಳಿಗೆ. ಪುಸ್ತಕಕ್ಕೆ ದಿನಕ್ಕೆ ನಾಲ್ಕಾಣೆ. ಅದನ್ನು ನಡೆಸುತ್ತಿದ್ದವರನ್ನು ಓಣಿಯ ಹುಡುಗರೆಲ್ಲ ಅಜ್ಜ ಅನ್ನುತ್ತಿದ್ದೆವು. ಅಜ್ಜನ ಮೇಜಿನ ಮೇಲೆ ಚಿಲ್ಲರೆ ಹಾಕುವ ತಗಡಿನ ಡಬ್ಬಿ, ರಟ್ಟು ಕಿತ್ತುಹೋದ ರಿಜಿಸ್ಟರು, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯ ಪೆನ್ಸಿಲ್ಲು, ಅಂಟಿನ ಬಾಟಲಿ, ಪೇಪರಿನಲ್ಲಿ ಸುತ್ತಿದ ಖಾರ ಮಂಡಕ್ಕಿ. ಮಂಡಕ್ಕಿ ತಿಂದ ಕೈಯಲ್ಲೇ ಪುಸ್ತಕ ತೆಗೆದುಕೊಡುತ್ತಿದ್ದರಿಂದ ಅಲ್ಲಿನ ಎಲ್ಲ ಪುಸ್ತಕಗಳ ಮೇಲೂ ಎಣ್ಣೆಯ ಬೆರಳಚ್ಚು. ಕೊಲೆಯ ಕಥೆಗಳಿಗೆ ಇದಕ್ಕಿಂತ ತಕ್ಕ ಮುದ್ರೆ ಸಿಗಲಾರದು!

ಸರಿ, ನಾಲ್ಕಾಣೆ ದಂಡ ಆಗಬಾರದೆಂದು ಓದಿದೆ. ಮಾವ ನಕ್ಕರೆ ಕಳ್ಳ ನಗು ಅನ್ನಿಸಿತು. ಮಾವ ರಾತ್ರಿ ಎದ್ದು ನೀರು ಕುಡಿದರೆ ವಿಷ ಬೆರೆಸಲು ಎದ್ದ ಅನ್ನಿಸಿತು. ಟ್ರಂಕಿಗೆ ಬೀಗ ಹಾಕಿದಾಗಲಂತೂ ಒಳಗೆ ರಕ್ತದ ಬಟ್ಟೆ ಇದೆಯೆಂದು ಖಚಿತವಾಯಿತು. ಕೊನೆಯ ಅಧ್ಯಾಯದಲ್ಲಿ ಪೊಲೀಸರು ಕೈಕೋಳ ತೊಡಿಸಿದ್ದು ಮನೆಗೆ ದಿನಾ ಬಂದು ಹೋಗುತ್ತಿದ್ದ ಡಾಕ್ಟರಿಗೆ. ಮಾವ ಪಾಪ, ಟ್ರಂಕಿನಲ್ಲಿಟ್ಟಿದ್ದು ಮಗಳ ಮದುವೆಯ ಒಡವೆ. ಬರೆದವನು ಸುಳ್ಳು ಬರೆದಿದ್ದ. ಡಾಕ್ಟರು ಹತ್ತು ಸಲ ನನ್ನ ಕಣ್ಣೆದುರೇ ಓಡಾಡಿದ್ದರು. ನನಗೆ ಮಾತ್ರ ಮಾವನನ್ನು ಕಾಯುವುದೇ ಕೆಲಸವಾಗಿತ್ತು.

ಪತ್ತೇದಾರಿ ಕಸುಬಿನ ಗುಟ್ಟೆಲ್ಲ ಆ ಒಂದು ಸಾಲಿನಲ್ಲಿತ್ತು. ಲೇಖಕ ಕೊಲೆಗಾರನನ್ನು ಎಲ್ಲೋ ಅಡಗಿಸಿರುತ್ತಾನೆ ಎಂದು ನಾವು ತಿಳಿಯುತ್ತೇವೆ. ಬಲ್ಲ ಲೇಖಕ ಅಡಗಿಸುವುದಿಲ್ಲ. ನಡುಮನೆಯಲ್ಲಿ ಕೂರಿಸಿ, ಕಾಫಿ ಕೊಡಿಸಿ, ನಮ್ಮ ಕಣ್ಣಿಗೆ ಬೇರೆ ಕೆಲಸ ಹಚ್ಚುತ್ತಾನೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯನ್ನು ಇನ್ನೂರು ಪುಟಕ್ಕೆ ಹಿಗ್ಗಿಸುವುದೇ ಅವನ ಜಾಣತನ.

ಇದು ಹೇಗೆ ಸಾಧ್ಯ ಅಂದರೆ, ಅವನು ಕಥೆ ಕಟ್ಟುವುದು ಹಿಂದುಮುಂದಾಗಿ. ಪೊಲೀಸರಿಗೆ ಮೊದಲು ಸಿಗುವುದು ಹೆಣ, ಕೊನೆಗೆ ಸಿಕ್ಕರೆ ಸಿಗುವುದು ಕೊಂದವನು. ಲೇಖಕನಿಗೆ ಮೊದಲು ಸಿಗುವುದು ಕೊಂದವನು. ಯಾಕೆ ಕೊಂದ, ಹೇಗೆ ಕೊಂದ, ಯಾವ ಸುಳ್ಳು ಹೇಳಿದ ಎಂಬುದನ್ನೆಲ್ಲ ಕೂತು ತೀರ್ಮಾನಿಸಿಕೊಂಡು, ಕುರುಹುಗಳನ್ನು ಒಂದೊಂದಾಗಿ ಚೆಲ್ಲುತ್ತಾ ಹಿಂದಕ್ಕೆ ನಡೆದು ಹೆಣದ ಹತ್ತಿರ ಬರುತ್ತಾನೆ. ಓದುಗ ಅಲ್ಲಿಂದ ಅದೇ ದಾರಿಯಲ್ಲಿ ಮುಂದಕ್ಕೆ ಹೊರಡುತ್ತಾನೆ. ಸುಳಿವಿಗೆ ಇಂಗ್ಲಿಷಿನವರು ‘ಕ್ಲೂ’ ಅನ್ನುತ್ತಾರಲ್ಲ, ಆ ಮಾತಿನ ಮೂಲ ಅರ್ಥ ನೂಲಿನ ಉಂಡೆ. ಗ್ರೀಕ್ ಪುರಾಣದ ವೀರನೊಬ್ಬ ಚಕ್ರವ್ಯೂಹದಂಥ ಕಟ್ಟಡದೊಳಗೆ ನೂಲು ಬಿಚ್ಚುತ್ತಾ ಹೋಗಿ, ಅದನ್ನೇ ಹಿಡಿದು ಹೊರಬಂದ ಕಥೆಯಿಂದ ಬಂದದ್ದು. ಹತ್ತಿ ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರಿನವರಿಗೆ ಈ ಅರ್ಥ ಇಷ್ಟವಾದೀತು ಎಂದು ಹೇಳಿದೆ.

ನಮ್ಮ ಜಿಲ್ಲೆಯದೇ ಒಂದು ನಿಜ ಸಂಗತಿ ಇದೆ. 2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ಶ್ವಾನದಳದ ಡಾಬರ್‌ಮನ್ ‘ತುಂಗಾ’ ಕೊಲೆ ನಡೆದ ಜಾಗದಲ್ಲಿ ವಾಸನೆ ಹಿಡಿದು, ಹನ್ನೊಂದು ಹನ್ನೆರಡು ಕಿಲೋಮೀಟರ್ ಓಡಿ ಪೊಲೀಸರನ್ನು ಆರೋಪಿಯ ಜಾಡಿಗೆ ತಲುಪಿಸಿತು. ಪತ್ರಿಕೆಗಳಲ್ಲೆಲ್ಲ ಅದರ ಫೋಟೊ. ಊರಿಗೆ ಊರೇ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಆದರೆ ಇದನ್ನೇ ಕಾದಂಬರಿಯಲ್ಲಿ ಬರೆದರೆ ಓದುಗ ಪುಸ್ತಕ ಬಿಸಾಡುತ್ತಾನೆ. ಯಾಕೆಂದರೆ ತುಂಗಾಳ ಮೂಗು ಅವನಿಗಿಲ್ಲ. ಆ ಹನ್ನೆರಡು ಕಿಲೋಮೀಟರಿನಲ್ಲಿ ಅವನು ಮಾಡಬಹುದಾದ ಕೆಲಸವೂ ಇಲ್ಲ. ಸುಮ್ಮನೆ ಹಿಂದೆ ಓಡಬೇಕು.

ಇದಕ್ಕೆ ಸರಿಯಾಗಿ ಎದುರಾದ ನಾಯಿಯೊಂದು ಆರ್ಥರ್ ಕಾನನ್ ಡಾಯಲ್‌ರ 1892ರ ಕಥೆಯಲ್ಲಿದೆ. ರಾತ್ರೋರಾತ್ರಿ ಲಾಯದಿಂದ ಕುದುರೆ ಮಾಯವಾಗಿರುತ್ತದೆ. ನಾಯಿಯ ವರ್ತನೆ ಗಮನಿಸಿ ಎಂದು ಷರ್ಲಾಕ್ ಹೋಮ್ಸ್ ಹೇಳಿದರೆ, ನಾಯಿ ಏನೂ ಮಾಡಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರ್ ತಲೆ ಕೆರೆದುಕೊಳ್ಳುತ್ತಾನೆ. ಹೋಮ್ಸ್‌ಗೆ ವಿಚಿತ್ರವಾಗಿ ಕಂಡಿದ್ದೂ ಅದೇ. ಅಪರಿಚಿತ ಬಂದಿದ್ದರೆ ನಾಯಿ ಬೊಗಳಬೇಕಿತ್ತು. ಇಷ್ಟಕ್ಕೆ ಓದುಗನಿಗೆ ನಾಯಿಯ ಮೂಗು ಬೇಡ. ಬೀದಿನಾಯಿಗಳ ನಡುವೆ ಸೆಕೆಂಡ್ ಷೋ ಸಿನಿಮಾ ನೋಡಿಕೊಂಡು ಮನೆಗೆ ನಡೆದ ಅನುಭವ ಸಾಕು. ಆದರೂ ನಮಗೆ ಹೊಳೆಯುವುದಿಲ್ಲ, ಯಾಕೆಂದರೆ ನಡೆದದ್ದು ಕಣ್ಣಿಗೆ ಬೀಳುತ್ತದೆ, ನಡೆಯಬೇಕಿದ್ದು ನಡೆಯದೇ ಹೋದದ್ದು ಬೀಳುವುದಿಲ್ಲ. ನೂರಾ ಮೂವತ್ತು ವರ್ಷ ಕಳೆದರೂ ಈ ಉಪಾಯ ಹಳತಾಗಿಲ್ಲ. ನೀವು ಓದುತ್ತಿರುವ ಕಾದಂಬರಿಯಲ್ಲಿ ಗಂಡನ ಸಾವಿನ ಸುದ್ದಿ ಕೇಳಿದ ಹೆಂಡತಿ ‘ಎಲ್ಲಿ? ಹೇಗೆ?’ ಎಂದು ಕೇಳದಿದ್ದರೆ ಆ ಪುಟದ ಕಿವಿ ಮಡಿಚಿಡಿ.

ಇನ್ನೊಂದು ಉಪಾಯಕ್ಕೆ ಚಿತ್ರದುರ್ಗಕ್ಕೇ ಹೋಗಬೇಕು. ಒಳಗಿನಿಂದ ಚಿಲಕ ಹಾಕಿದ ಕೋಣೆ, ಒಳಗೆ ಹೆಣ, ಕೊಂದವನು ಹೋದದ್ದೆಲ್ಲಿ? ಇದು ‘ಮುಚ್ಚಿದ ಕೋಣೆ’ಯ ಒಗಟು. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ, ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಎಣಿಸುವ ಕಥೆಯೇ ಈ ಜಾತಿಯದು. ನನ್ನ ಮಟ್ಟಿಗೆ ನಮ್ಮ ದೊಡ್ಡ ಮುಚ್ಚಿದ ಕೋಣೆ ಏಳು ಸುತ್ತಿನ ಕೋಟೆ. ಬಾಗಿಲಿಂದ ಬಾಗಿಲಿಗೆ ದಾರಿ ಗಕ್ಕನೆ ತಿರುಗುತ್ತದೆ, ಆನೆ ಓಡಿಬಂದು ಗುದ್ದುವಂತಿಲ್ಲ. ಹೈದರಾಲಿಯ ಸೈನ್ಯಕ್ಕೂ ಅದು ಸುಲಭಕ್ಕೆ ಬಗ್ಗಲಿಲ್ಲ. ಹಾಗಾದರೆ ಶತ್ರು ಒಳಗೆ ಬಂದದ್ದೆಲ್ಲಿಂದ? ಉತ್ತರ ಈ ಸೀಮೆಯ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಬಂಡೆಗಳ ಸಂದಿನ ಒಂದು ಕಿಂಡಿ, ಒಬ್ಬರು ಬಗ್ಗಿ ತೂರುವಷ್ಟು. ಅದರ ಗುಟ್ಟು ಬಯಲಾದದ್ದು ಹೇಗೆಂದು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ; ನಾನು ಕೇಳಿ ಬೆಳೆದದ್ದರಲ್ಲಿ ಮೊಸರು ಮಾರುವ ಹೆಂಗಸೊಬ್ಬಳು ಅಲ್ಲಿಂದ ಹೋಗಿಬರುವುದನ್ನು ಶತ್ರುವಿನ ಕಡೆಯವರು ಕಂಡಿದ್ದರು. ಆಮೇಲಿನದು ಓಬವ್ವ, ಒನಕೆ, ಊಟಕ್ಕೆ ಕೂತ ಗಂಡ ಕಹಳೆಯ ಮುದ್ದಹನುಮ.

ಕೋಟೆಯ ಕಾವಲಿನವರು ಆನೆ, ಕುದುರೆ, ಫಿರಂಗಿ ಕಾಯುತ್ತಿದ್ದರು. ಮೊಸರಿನ ಗಡಿಗೆಯನ್ನು ಯಾರು ಕಾಯುತ್ತಾರೆ? ದಿನಾ ಬರುವವರು ಬಂದವರ ಲೆಕ್ಕಕ್ಕೇ ಸೇರುವುದಿಲ್ಲ. ‘ಯಾರಾದರೂ ಬಂದಿದ್ದರಾ?’ ಎಂದರೆ ‘ಇಲ್ಲ ಸರ್, ಯಾರೂ ಇಲ್ಲ’ ಅನ್ನುತ್ತೇವೆ. ಹಾಲಿನವನು, ಕಸದ ಗಾಡಿಯವಳು, ಮೀಟರ್ ಓದುವವನು ಬಂದು ಹೋಗಿರುತ್ತಾರೆ. ಜಿ.ಕೆ. ಚೆಸ್ಟರ್‌ಟನ್ 1911ರಲ್ಲಿ ತಂದ ಫಾದರ್ ಬ್ರೌನ್ ಕಥೆಗಳ ಮೊದಲ ಸಂಕಲನದಲ್ಲಿ ಇದೇ ಸತ್ಯದ ಮೇಲೆ ನಿಂತ ಒಂದು ಕಥೆ ಇದೆ. ಅದರ ಹೆಸರು ಹೇಳಲಾರೆ. ಹೇಳಿದರೆ ಮೊದಲ ಪುಟದಲ್ಲಿ ನೀಲಿ ಅಕ್ಷರ ಬರೆದ ಪಾಪ ನನಗೂ ತಟ್ಟುತ್ತದೆ.

ನೀಲಿ ಅಕ್ಷರ ಅಂದೆ. ಈಗ ಈ ಲೇಖನದ ಎರಡನೇ ಪ್ಯಾರಾ ಮತ್ತೊಮ್ಮೆ ಓದಿ. ಅಜ್ಜನ ಮೇಜಿನ ಮೇಲೆ ಐದು ಸಾಮಾನಿದ್ದವು. ಮೂರನೆಯದು ಏನು?

ಹೌದು, ಪೆನ್ಸಿಲ್ಲು. ಒಂದು ತುದಿ ನೀಲಿ. ಪುಸ್ತಕದ ಮೇಲಿನ ಬಣ್ಣವನ್ನು ಮೊದಲ ಸಾಲಿನಲ್ಲೇ ಹೇಳಿದ್ದೆ. ಮುಚ್ಚಿಡಲಿಲ್ಲ, ಸುಳ್ಳೂ ಹೇಳಲಿಲ್ಲ. ಮಾಡಿದ್ದು ಎರಡೇ. ಸುಳಿವನ್ನು ಪಟ್ಟಿಯ ನಡುವೆ ಇಟ್ಟೆ; ಪಟ್ಟಿ ಓದುವಾಗ ಮನಸ್ಸು ಮೊದಲನೆಯದನ್ನೂ ಕೊನೆಯದನ್ನೂ ಹಿಡಿದು ನಡುವಿನದನ್ನು ಜಾರಿಸುತ್ತದೆ. ಆಮೇಲೆ ಕೂಡಲೇ ಮಂಡಕ್ಕಿ ಎಣ್ಣೆಯ ಬೆರಳಚ್ಚಿನ ಹಾಸ್ಯ ತಂದೆ. ಬೆರಳಚ್ಚು ಎಂದ ಕೂಡಲೇ ನೀವು ಅಲ್ಲಿಗೆ ಹೋದಿರಿ. ಅಗಾಥಾ ಕ್ರಿಸ್ಟಿಯವರು ಈ ಎರಡನ್ನೂ ನಮ್ಮ ಅಡುಗೆಮನೆಯವರು ಒಗ್ಗರಣೆ ಹಾಕುವಷ್ಟು ಸಲೀಸಾಗಿ ಮಾಡುತ್ತಿದ್ದರು. ನಡುಮನೆಯ ಸಾಮಾನುಗಳ ವರ್ಣನೆ ಬರುತ್ತದೆ, ಅದರ ನಡುವೆ ಒಂದು ಹೂದಾನಿ ಸ್ವಲ್ಪ ಜರುಗಿರುತ್ತದೆ, ಮರುಸಾಲಿನಲ್ಲೇ ಹೊರಗೆ ಯಾರೋ ಚೀರುತ್ತಾರೆ. ಹೂದಾನಿಯ ಮೇಲೆ ಯಾರ ಗಮನವೂ ಉಳಿಯುವುದಿಲ್ಲ. ಆದ್ದರಿಂದ ನನ್ನ ಸಲಹೆ: ಚೀರಾಟ ಕೇಳಿದರೆ ಒಂದು ಪ್ಯಾರಾ ಹಿಂದಕ್ಕೆ ಹೋಗಿ.

ಇಲ್ಲಿ ಒಂದು ಗೆರೆ ಇದೆ. ಏಮಾರಿಸಬಹುದು, ಮೋಸ ಮಾಡಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವೆಲ್ಲ ಓದುಗನಿಗೂ ಸಿಕ್ಕಿರಬೇಕು ಎಂಬುದು ಆ ಗೆರೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ (ಅವರೂ ಪತ್ತೇದಾರಿ ಕಾದಂಬರಿಕಾರರು) ಇದಕ್ಕೆ ಹತ್ತು ಕಟ್ಟಳೆ ಬರೆದರು. ಕೊಲೆಗಾರ ಕಥೆಯ ಆರಂಭದಲ್ಲೇ ಕಾಣಿಸಿಕೊಳ್ಳಬೇಕು. ದೆವ್ವ ಭೂತ ಬಂದು ಬಿಡಿಸುವಂತಿಲ್ಲ. ಮೊದಲೇ ಸೂಚನೆ ಕೊಡದೆ ಅವಳಿ ಅಣ್ಣತಮ್ಮಂದಿರನ್ನು ತರುವಂತಿಲ್ಲ. ಗುಪ್ತದ್ವಾರ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ. ಈ ಲೆಕ್ಕದಲ್ಲಿ ದುರ್ಗದ ಕೋಟೆ ಫೇಲು. ಮರುವರ್ಷ ಲಂಡನ್ನಿನಲ್ಲಿ ಲೇಖಕರೇ ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿಕೊಂಡರು. ಚೆಸ್ಟರ್‌ಟನ್ ಅದರ ಮೊದಲ ಅಧ್ಯಕ್ಷರು. ಓದುಗರಿಂದ ಮುಖ್ಯ ಸುಳಿವು ಮುಚ್ಚಿಡುವುದಿಲ್ಲ ಎಂದು ಸದಸ್ಯರು ಪ್ರಮಾಣ ಮಾಡಬೇಕಿತ್ತಂತೆ, ಅರ್ಧ ತಮಾಷೆಗೆ.

ನಾನಂತೂ ಅವಳಿ ತಮ್ಮನ ವಿಷಯದಲ್ಲಿ ನಾಕ್ಸ್‌ಗಿಂತ ಕಠಿಣ. ನೂರಾ ಎಪ್ಪತ್ತನೇ ಪುಟದಲ್ಲಿ ದುಬೈಯಿಂದ ವಿಮಾನ ಇಳಿಯುವ ತಮ್ಮನೇ ಕೊಲೆಗಾರ ಎಂದರೆ, ಅದು ಜೂಜಿನಲ್ಲಿ ಎಲೆ ಹಾಕಿದ ಮೇಲೆ ತೋಳಿನಿಂದ ಇನ್ನೊಂದು ಎಲೆ ಇಳಿಸಿದಂತೆ. ಕ್ರಿಸ್ಟಿ 1926ರಲ್ಲಿ ಬರೆದ ‘ರೋಜರ್ ಅಕ್ರಾಯ್ಡ್’ ಕೊಲೆಯ ಕಾದಂಬರಿ ಬಂದಾಗ ಕೆಲವರು ಇದು ಮೋಸ ಎಂದೇ ಗದ್ದಲ ಮಾಡಿದ್ದರು. ಮುಗಿಸಿದ ಮೇಲೆ ಮೊದಲಿಂದ ಇನ್ನೊಮ್ಮೆ ಓದಿ ನೋಡಿ. ಒಂದು ಸಾಲೂ ಸುಳ್ಳಿಲ್ಲ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇನ್ನು ನಮ್ಮ ಕನ್ನಡದ ಕಥೆಗಳಲ್ಲಿ ನನಗೆ ಸದಾ ಕಿರಿಕಿರಿಯಾಗುವ ಒಂದು ಸಂಗತಿ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ವಿವರಿಸುತ್ತಾನೆ. ಕೊಲೆಗಾರ ಎದ್ದು ನಿಂತು ‘ಹೌದು, ನಾನೇ ಕೊಂದೆ!’ ಎಂದು ಅಬ್ಬರಿಸುತ್ತಾನೆ, ಇನ್‌ಸ್ಪೆಕ್ಟರ್ ಕರೆದೊಯ್ಯುತ್ತಾರೆ, ಶುಭಂ. ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲು ಬಳಸುವಂತಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಇದಿತ್ತು, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಆ ಅಬ್ಬರದ ತಪ್ಪೊಪ್ಪಿಗೆ ಇಟ್ಟುಕೊಂಡು ಕೋರ್ಟಿಗೆ ಹೋದರೆ ಡಿಫೆನ್ಸ್ ವಕೀಲರು ನಕ್ಕುಬಿಡುತ್ತಾರೆ.

ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿ ಇದೆ. ಆರೋಪಿ ಕಸ್ಟಡಿಯಲ್ಲಿದ್ದಾಗ ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ವಸ್ತುವಿಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ‘ಕುಡುಗೋಲನ್ನು ತೆಂಗಿನ ಗರಿ ಕೆಳಗೆ ಇಟ್ಟಿದ್ದೇನೆ, ತೋರಿಸ್ತೀನಿ’ ಎಂದು ಕರೆದೊಯ್ದು ತೋರಿಸಿದರೆ, ಪಂಚರ ಎದುರು ಮಹಜರು ಆದರೆ, ಆಗ ಕೇಸಿಗೆ ಜೀವ ಬರುತ್ತದೆ. ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಆರೋಪಿಯನ್ನು ಸ್ಥಳಕ್ಕೆ ಕರೆದೊಯ್ದು ಮಹಜರು ನಡೆಸಿದರು ಎಂದು ಬರುವುದರ ಹಿಂದೆ ಇರುವ ಮುಖ್ಯ ಕಾರಣಗಳಲ್ಲಿ ಇದೊಂದು. ತುಂಗಾಳಂಥ ಶ್ವಾನದ ಓಟವೂ ತನಿಖೆಗೆ ದಾರಿ ತೋರುತ್ತದೆಯೇ ಹೊರತು ಅದೊಂದನ್ನೇ ನಂಬಿ ನ್ಯಾಯಾಲಯ ಶಿಕ್ಷೆ ಕೊಡುವುದಿಲ್ಲ.

ಕನ್ನಡದಲ್ಲಿ ಪತ್ತೇದಾರಿ ಬರೆಯುವ ಹೊಸಬರಿಗೆ ಇದೇ ದೊಡ್ಡ ಸುದ್ದಿ, ನನ್ನ ಪ್ರಕಾರ. ‘ತ್ರೀ ನಾಟ್ ಟೂ’ ಎಂದರೆ ಕೊಲೆ ಎಂಬುದು ಓಣಿಯ ಹುಡುಗರ ಬಾಯಲ್ಲೂ ಇತ್ತು. 2024ರ ಜುಲೈ 1ರ ನಂತರ ನಡೆದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103; ಅದಕ್ಕೂ ಹಿಂದಿನ ಕೊಲೆಗೆ ಹಳೆಯ 302. ಕಥೆ ಯಾವ ವರ್ಷದ್ದೆಂದು ತಿಳಿಯದೆ ಸೆಕ್ಷನ್ ಬರೆಯಬೇಡಿ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಧಿ ಇದೆ. ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವೂ ಆಗಬೇಕು. ಅಂದರೆ ಹಳೆಯ ಪತ್ತೇದಾರ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಸಿಗರೇಟಿನ ಬೂದಿ ನೋಡುವ ದೃಶ್ಯ ಇನ್ನು ನಡೆಯದು. ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಬೆರಳಚ್ಚಿನ ಬಗ್ಗೆ ಬರೆಯುವವರು ಲಂಡನ್ನಿನ ಕಡೆ ನೋಡುವ ಅಗತ್ಯವೂ ಇಲ್ಲ: ಬೆರಳಚ್ಚು ಕಚೇರಿ ಮೊದಲು ಶುರುವಾದದ್ದು 1897ರಲ್ಲಿ, ಕಲ್ಕತ್ತೆಯಲ್ಲಿ. ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರದ ಹಿಂದಿದ್ದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಹೋದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಇದೂ ಒಂದು ಬಗೆಯ ಕಳವು ಅನ್ನಬಹುದು.

ಹಾಗಾದರೆ ಓದುವುದು ಎಲ್ಲಿಂದ? ಇದನ್ನೇ ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರು ಕೂತ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ‘ಅಂಕಲ್, ವೆಬ್ ಸೀರೀಸ್ ನೋಡ್ತೀನಿ, ಪುಸ್ತಕ ಯಾವ್ದು?’ ನಾನು ಹೇಳಿದ್ದು: ಕಾದಂಬರಿ ಬೇಡ, ಸಣ್ಣಕಥೆಯಿಂದ ಶುರು ಮಾಡಮ್ಮ. ಡಾಯಲ್‌ರ ಹೋಮ್ಸ್ ಕಥೆ ಒಂದು ದೋಸೆ ಬರುವಷ್ಟರಲ್ಲಿ ಅರ್ಧ ಆಗಿರುತ್ತದೆ. ಆಮೇಲೆ ಫಾದರ್ ಬ್ರೌನ್. ಬಂಗಾಳಿಯಿಂದ ಬಂದ ಇಬ್ಬರು ಇದ್ದಾರೆ: ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಹುಟ್ಟಿಸಿದ ಬ್ಯೋಮಕೇಶ್ ಬಕ್ಷಿ, ಸತ್ಯಜಿತ್ ರೇ 1965ರಲ್ಲಿ ಹುಟ್ಟಿಸಿದ ಫೆಲೂದಾ. ಬ್ಯೋಮಕೇಶನಿಗೆ ಪತ್ತೇದಾರ ಎಂದರೆ ಆಗದು, ತನ್ನನ್ನು ‘ಸತ್ಯಾನ್ವೇಷಿ’ ಅನ್ನಿಸಿಕೊಳ್ಳುತ್ತಾನೆ. ಮಕ್ಕಳಿರುವ ಮನೆಗೆ ಫೆಲೂದಾ.

ಕೊಲೆಗಾರ ಯಾರೆಂದು ಮೊದಲೇ ತೋರಿಸಿ, ಹೇಗೆ ಸಿಕ್ಕಿಬೀಳುತ್ತಾನೆ ಎಂಬ ಕುತೂಹಲದಲ್ಲೇ ನಡೆಸುವ ಜಾತಿಯೊಂದಿದೆ. 1912ರ ಸುಮಾರಿಗೆ ಆಸ್ಟಿನ್ ಫ್ರೀಮನ್ ಎಂಬ ವೈದ್ಯ ಲೇಖಕರು ಇದನ್ನು ರೂಢಿಗೆ ತಂದರು. ರವಿಚಂದ್ರನ್ ಅಭಿನಯದ ‘ದೃಶ್ಯ’ ನೋಡಿದವರಿಗೆ ಈ ಜಾತಿ ಹೊಸದಲ್ಲ. ಅದರಲ್ಲಿ ನಮಗೆ ಎಲ್ಲ ಗೊತ್ತಿದೆ ಅಂದುಕೊಂಡಿರುತ್ತೇವೆ, ಗೊತ್ತಿಲ್ಲದ್ದು ಒಂದೇ ಒಂದು ಉಳಿದಿರುತ್ತದೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರನ್ನು ಬಿಟ್ಟು ಮಾತಾಡುವಂತಿಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ, ಪತ್ತೇದಾರ ಪುರುಷೋತ್ತಮ. ಅಲ್ಲಿ ಸುಳಿವಿನ ಲೆಕ್ಕಕ್ಕಿಂತ ಸಾಹಸದ ಓಟ ಜಾಸ್ತಿ, ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಕನ್ನಡ ಓದುವ ಚಟ ಎಷ್ಟೋ ಮನೆಗೆ ಹತ್ತಿದ್ದೇ ಅವರಿಂದ. ಕನ್ನಡ ಬಾವುಟದ ಹಳದಿ-ಕೆಂಪನ್ನು ಕೊಟ್ಟ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರೂ ಹೌದು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಅವರು ತೀರಿಕೊಂಡದ್ದು 1967ರಲ್ಲಿ. ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ. ಆ ಲೆಕ್ಕದಲ್ಲಿ ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳನ್ನು 2028ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಯಾರಾದರೂ ಹಾಕಲಿ, ಮೊದಲ ಪ್ರತಿ ನನ್ನದು. ‘ಬಂಗಾರದ ಮನುಷ್ಯ’ ಬರೆದ ಟಿ.ಕೆ. ರಾಮರಾಯರ ಪತ್ತೇದಾರಿಗಳು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ.

ಕೊನೆಗೆ ತೇಜಸ್ವಿಯವರ ‘ಚಿದಂಬರ ರಹಸ್ಯ’, 1985ರದು. ಏಲಕ್ಕಿ ಬೆಳೆಯ ಕುಸಿತ, ವಿಜ್ಞಾನಿಯೊಬ್ಬನ ಸಾವು, ತನಿಖೆಗೆ ಬಂದ ಅಧಿಕಾರಿ, ಊರ ತುಂಬ ಗುಮಾನಿ. ಇದನ್ನು ಪತ್ತೇದಾರಿ ಎಂದರೆ ಸಾಹಿತ್ಯದ ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ. ನನಗೆ ಅದು ಪತ್ತೇದಾರಿಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಊರಿನ ಜನರೆಲ್ಲರೂ ಮೊದಲ ಪುಟದಲ್ಲಿ ತಮ್ಮ ತಮ್ಮ ‘ಮಾವನೇ ಕೊಲೆಗಾರ’ ಬರೆದಿಟ್ಟಿದ್ದಾರೆ.

ಅಜ್ಜನ ಮಾತು ಅರ್ಧಕ್ಕೇ ಬಿಟ್ಟೆ. ಪೆನ್ಸಿಲ್ಲಿನ ಗುಟ್ಟು ನನಗೆ ಹೊಳೆಯುವಷ್ಟರಲ್ಲಿ ಕಾಲೇಜು ಮುಗಿದಿತ್ತು. ಹೋಗಿ ಕೇಳಿದೆ. ‘ಅಜ್ಜ, ಅದು ನೀವೇ ಬರೆದಿದ್ದಲ್ವಾ? ಬಾಡಿಗೆ ಕೊಡೋ ಪುಸ್ತಕಕ್ಕೆ ಹಾಗೆ ಬರೆದ್ರೆ ನಿಮಗೇ ನಷ್ಟ ಅಲ್ವಾ?’

ಅಜ್ಜ ಮಂಡಕ್ಕಿ ಕೈ ಪಂಚೆಗೆ ಒರೆಸಿಕೊಂಡರು. ‘ತಮ್ಮಾ, ಯಾವನೋ ಒಬ್ಬ ಒಂದು ಪುಸ್ತಕದಾಗೆ ಖರೇ ಹೆಸರು ಬರದು ಹೋಗಿದ್ದ. ಇಂಕ್ ಪೆನ್ನಾಗೆ. ಅಳಿಸಾಕೆ ಬರ್ಲಿಲ್ಲ, ಹಾಳೆ ಹರಿದ್ರೆ ಪುಸ್ತಕ ಹಾಳು. ಅದಕ್ಕೆ ಉಳಿದ ಪುಸ್ತಕಕ್ಕೆಲ್ಲ ನಾನು ಸುಳ್ಳು ಬರದೆ.’